ತೂಕಕ್ಕೆ ಹಾಕೋ ಮುಂಚೆ

ಅಕ್ಕಾರೆ, ಆ ಬಿಸ್ಕತ್ತಿನ ಡಬ್ಬಿ ಗುಜರಿಯವನಿಗೆ ಹಾಕಬ್ಯಾಡ್ರಿ. ಅವನ ತಕ್ಕಡಿಯಾಗ ಅದಕ್ಕೆ ಅರ್ಧ ಚಹಾದ ರೊಕ್ಕವೂ ಬರಲ್ಲ. ಇತ್ತ ಕೊಡ್ರಿ, ಕ್ಯಾಮೆರಾ ಮಾಡ್ತೀನಿ.

ನಗಬ್ಯಾಡ್ರಿ, ಖರೇನೇ ಹೇಳ್ತಿರೋದು. ಒಳಗೆಲ್ಲ ಕಪ್ಪು ಬಣ್ಣ ಬಳಿಯೋದು, ಒಂದು ಬದಿಗೆ ಸೂಜಿಮೊನೆಯಷ್ಟು ತೂತು, ಎದುರು ಬದಿಗೆ ಕತ್ತಲಾಗೇ ಫೋಟೋ ಕಾಗದ ಅಂಟಿಸೋದು. ಲೆನ್ಸೂ ಬ್ಯಾಡ, ಬ್ಯಾಟರಿನೂ ಬ್ಯಾಡ. ಒಳ್ಳೆ ಬಿಸಿಲಾಗ ತೂತಿನ ಪಟ್ಟಿ ತೆಗೆದು ಒಂದೆರಡು ನಿಮಿಷ ಬಿಟ್ರೆ, ನಮ್ಮ ಆದವಾನಿಯ ರಣಮಂಡಲ ಬೆಟ್ಟ ತಲೆಕೆಳಗಾಗಿ ಒಳಗೆ ಬಂದು ಕೂರ್ತದೆ. ಒಂದೇ ಷರತ್ತು, ಕದಲಬಾರದು. ಹತ್ತಿ ಮಾರ್ಕೆಟ್ಟಿನ ಮುಂದೆ ಇಟ್ರೆ ನಿಂತ ಲಾರಿ ಬೀಳ್ತದೆ, ಓಡಾಡೋ ದಲ್ಲಾಳಿ ಒಬ್ಬನೂ ಬೀಳಲ್ಲ!

ಇನ್ನು ನಿಮ್ಮತ್ತೆಯವರ ಹರಿದ ಕ್ರೋಶಾ ಲೇಸು ಐತಲ್ಲ, ಅದನ್ನೂ ಎಸೀಬ್ಯಾಡ್ರಿ. 1842ರಾಗ ಜಾನ್ ಹರ್ಷೆಲ್ ಅನ್ನೋ ಇಂಗ್ಲಿಷ್ ವಿಜ್ಞಾನಿ ಕಂಡುಹಿಡಿದ ಸಯನೋಟೈಪ್ ಅಂತ ಒಂದು ಫೋಟೋ ವಿಧಾನ ಐತೆ. ಕಬ್ಬಿಣದ ಎರಡು ಲವಣ ಕಲಸಿ ಕಾಗದಕ್ಕೆ ಬಳಿದು, ಮ್ಯಾಲೆ ಲೇಸೋ ಹತ್ತಿಗಿಡದ ಟೊಂಗೆಯೋ ಇಟ್ಟು, ಬಿಸಿಲಿಗೆ ಹಿಡಿದು, ನೀರಾಗ ತೊಳೆದ್ರೆ ಮುಗೀತು. ಕಡುನೀಲಿ ನೆಲದ ಮ್ಯಾಲೆ ಬಿಳೇ ಚಿತ್ರ. ಮರುವರ್ಷವೇ ಆ್ಯನಾ ಅಟ್ಕಿನ್ಸ್ ಅನ್ನೋ ಹೆಣ್ಣುಮಗಳು ಹಿಂಗೇ ಸಮುದ್ರದ ಪಾಚಿಯ ಚಿತ್ರ ತೆಗೆದು ಪುಸ್ತಕ ಶುರುಮಾಡಿದ್ಳು. ನಮ್ಮ ಆದವಾನಿಯಾಗ ಬಿಸಿಲು ಬಿಟ್ಟಿ. ತೊಳೆಯೋಕೆ ಮಾತ್ರ ನಳ ಬರೋ ದಿನ ನೋಡ್ಕೋಬೇಕು.

ಶೋಕೇಸಿನಾಗ ಇಡೋರು ಇಡ್ಲಿ ಬಿಡ್ರಿ. ಹಳೇ ಸಾಮಾನಿಗೆ ಬೇಕಾಗಿರೋದು ಗಾಜಿನ ಬಾಗಿಲಲ್ಲ, ಹೊಸ ಕೆಲಸ. ಈಗ ನಾ ಹುಡುಕ್ತಿರೋದು ಒಂದು ತಗಡಿನ ಟ್ರಂಕು. ಮುಚ್ಚಳದ ಮ್ಯಾಲೆ ಕನ್ನಡದಾಗ ‘ಆದವಾನಿ, ಬಳ್ಳಾರಿ ಜಿಲ್ಲೆ’ ಅಂತ ಬರೆದಿರಬೇಕು. 1953ರ ಅಕ್ಟೋಬರ್ 1ರ ತನಕ ನಾವು ಬಳ್ಳಾರಿಯವರೇ ಅಲ್ವಾ? ಆಮ್ಯಾಲೆ ಆದವಾನಿ, ಆಲೂರು, ರಾಯದುರ್ಗ ಮೂರೂ ತಾಲೂಕು ಆಂಧ್ರಕ್ಕೆ ಹೋದ್ವು. ಆ ಟ್ರಂಕನ್ನ ಬಸ್‌ಸ್ಟ್ಯಾಂಡಿನ ತೆಲುಗು ಬೋರ್ಡಿನ ಕೆಳಗೆ ಒಮ್ಮೆ, ಹೊಳಗುಂದದ ಹೊಲದಾಗ ಒಮ್ಮೆ, ತುಂಗಭದ್ರೆ ದಂಡೆ ಮ್ಯಾಲೆ ಒಮ್ಮೆ ಇಟ್ಟು ಫೋಟೋ ತೆಗೀಬೇಕು. ಊರು ಇದ್ದಲ್ಲೇ ಐತೆ, ವಿಳಾಸ ಮಾತ್ರ ವಲಸೆ ಹೋತು ಅನ್ನೋದು ಹತ್ತು ಫೋಟೋದಾಗ ತಿಳೀತದೆ.

ನಿಮ್ಮ ಅಟ್ಟದ ಮ್ಯಾಲೆ ಅಂಥದ್ದು ಇದ್ರೆ ಹೇಳ್ರಿ. ನಮ್ಮನೆಯವ್ರು ಕೇಳಿದ್ರೆ ಮಾತ್ರ, ನೀವೇ ಇಟ್ಕೊಳ್ಳೋಕೆ ಕೊಟ್ಟಿದ್ದು ಅನ್ರಿ!