ಅಂಚೆಗತ ತಟ್ಟೆ-ಚಂದಾ ಮೀಮಾಂಸೆ: ಪೆರ್ಡೂರಿನ ನೆಲೆಯಿಂದ ಒಂದು ಬಹುಶಿಸ್ತೀಯ ಅವಲೋಕನ

1. ಪ್ರಸ್ತಾವನೆ

ತಿಂಗಳಿಗೊಂದರಂತೆ ಮನೆಗೆ ಬರುವ ವಿನೈಲ್ ರೆಕಾರ್ಡುಗಳ ಚಂದಾ ಯೋಜನೆಯನ್ನು ಅದರ ತಾತ್ತ್ವಿಕ, ಸಾಂಸ್ಕೃತಿಕ, ಆರ್ಥಿಕ ಹಾಗೂ ಬೂಷ್ಟೀಯ ಆಯಾಮಗಳಲ್ಲಿ ಮುಖಾಮುಖಿಯಾಗಲು ಪ್ರಸ್ತುತ ಪ್ರಬಂಧವು ಹವಣಿಸುತ್ತದೆ. ಆಯಾಮವೊಂದನ್ನು ಮುಖಾಮುಖಿಯಾಗುವುದು ಹೇಗೆ ಎಂದು ಯಾರೂ ಕೇಳಬಾರದು. ವಿಚಾರ ಸಂಕಿರಣಗಳಲ್ಲಿ ಇಷ್ಟು ವರ್ಷ ಯಾರೂ ಕೇಳಿಲ್ಲ.

ಅಧ್ಯಯನಕ್ಕೆ ಆರಿಸಿಕೊಂಡ ನೆಲೆ ಪೆರ್ಡೂರು. ಉಡುಪಿಯಿಂದ ಹೆಬ್ರಿ, ಆಗುಂಬೆಯತ್ತ ಹೋಗುವ ಹೆದ್ದಾರಿಯ ಮೇಲಿನ ಊರು. ಸಿಂಹ ಸಂಕ್ರಮಣಕ್ಕೆ ಇಲ್ಲಿ ಮದುಮಕ್ಕಳ ಜಾತ್ರೆ. ಕದಳೀಪ್ರಿಯನೆಂದು ಹೆಸರಾದ ಅನಂತಪದ್ಮನಾಭನಿಗೆ ಇಲ್ಲಿ ಬಾಳೆಹಣ್ಣನ್ನು ಎಣಿಸಿ ಒಪ್ಪಿಸುತ್ತಾರೆ. ಕೊಟ್ಟದ್ದೆಷ್ಟು, ಸಂದದ್ದೆಷ್ಟು ಎಂಬ ಲೆಕ್ಕ ಎದುರಿಗೇ ತೀರುತ್ತದೆ. ಕಣ್ಣಿಗೆ ಕಾಣದ ಮಾಸಿಕ ಕಡಿತವನ್ನು ಅಭ್ಯಸಿಸಲು ಇದಕ್ಕಿಂತ ಹೇಳಿ ಮಾಡಿಸಿದ ಕ್ಷೇತ್ರವಿಲ್ಲ.

ಪರಿಭಾಷೆಯ ಬಗ್ಗೆ ಒಂದು ಮಾತು. ತಟ್ಟೆಯ ಮೇಲೆ ಓಡುವ ವಸ್ತುವನ್ನು ಈ ಪ್ರಬಂಧದಲ್ಲಿ 'ಸೂಕ್ಷ್ಮಖಾತಾನುಗಾಮಿನೀ ಶಲಾಕೆ' ಎಂದು ಕರೆಯಲಾಗುವುದು. ಊರಿನವರು ಅದನ್ನು ಮುಳ್ಳು ಎನ್ನುತ್ತಾರೆ. ಊರಿನವರಿಗೆ ಸಂಶೋಧನಾ ಶಿಸ್ತು ಇಲ್ಲ.

2. ಚಾರಿತ್ರಿಕ ಪರಿಪ್ರೇಕ್ಷ್ಯ

ಅರಗಿನ ಉತ್ಪನ್ನವೊಂದನ್ನು ಚಂದದ ಹೊದಿಕೆಯಲ್ಲಿಟ್ಟು, 'ಇದು ನಿಮಗಾಗಿಯೇ ಆರಿಸಿದ್ದು' ಎಂದು ನಂಬಿಸಿ, ಕೈಗೊಪ್ಪಿಸಿದ ಆದ್ಯ ಕ್ಯುರೇಟರ್ ವಾರಣಾವತದ ಪುರೋಚನ. ಚಂದಾ ರದ್ದುಪಡಿಸಿಕೊಳ್ಳಲು ಪಾಂಡವರು ಸುರಂಗದ ಮೂಲಕ ಹೊರಬರಬೇಕಾಯಿತು ಎಂಬುದನ್ನು ವಿದ್ವಾಂಸರು ಗಮನಿಸಬೇಕು.

ಹಳೆಯ 78 ಆರ್‌ಪಿಎಂ ಪ್ಲೇಟುಗಳ ಜೀವದ್ರವ್ಯವೂ ಅರಗೇ. ನಮ್ಮ ಕಾಡುಗಳಲ್ಲಿ ಕೀಟಗಳು ಸ್ರವಿಸಿದ ಅರಗು ಹಡಗೇರಿ ಹೋಗುತ್ತಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದರ ಮೂಲಮುದ್ರಿಕೆಯೂ ಹಡಗೇರಿ ಹೋಗಿ, ಜರ್ಮನಿಯ ಹ್ಯಾನೋವರಿನಲ್ಲಿ ತಟ್ಟೆಯಾಗಿ ಹಿಂದಿರುಗಿತು. ಹಾಡು ಮುಗಿದೊಡನೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಿದ್ದುದು ಅಲ್ಲಿನ ತಂತ್ರಜ್ಞರಿಗೆ ಇದು ಯಾರ ದನಿಯೆಂದು ಗುರುತು ಹತ್ತಲಿ ಎಂದಂತೆ. ಕಲ್ಕತ್ತೆಯಲ್ಲೇ ಕಾರ್ಖಾನೆ ಶುರುವಾದದ್ದು 1908ರಲ್ಲಿ. ಅರಗು ನಮ್ಮದು, ಹಾಡು ನಮ್ಮದು, ಅಚ್ಚು ಅವರದು, ದುಡ್ಡು ಮತ್ತೆ ನಮ್ಮದು. ವಸಾಹತೋತ್ತರ ಸಂಕಥನಕ್ಕೆ ಇಷ್ಟು ಸಾಕು. ಈ ಪದವನ್ನು ಇನ್ನು ಬಳಸುವುದಿಲ್ಲ.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ವಿನೈಲಿನ ಎಲ್ಪಿಯನ್ನು ತಂದಿತು. ನಿಮಿಷಕ್ಕೆ 33⅓ ಸುತ್ತು. ಮೂರು ನಿಮಿಷಕ್ಕೆ ಮುಗಿಯುತ್ತಿದ್ದ ಮಗ್ಗುಲು ಇಪ್ಪತ್ತು ನಿಮಿಷ ದಾಟಿತು. 1955ರಲ್ಲಿ ಅದೇ ಕಂಪನಿ ಅಂಚೆ ಮೂಲಕ ರೆಕಾರ್ಡ್ ಕ್ಲಬ್ ತೆರೆಯಿತು. ಈ ತಿಂಗಳ ಪ್ಲೇಟು ಬೇಡವೆಂದು ಗಡುವಿನೊಳಗೆ ಕಾರ್ಡು ಬರೆಯದಿದ್ದರೆ ಬೇಕೆಂದೇ ಲೆಕ್ಕ: ಇಂಥ ಕ್ಲಬ್ಬುಗಳೆಲ್ಲ ನಿಂತದ್ದು ಈ ಒಂದು ಸೂತ್ರದ ಮೇಲೆ. ಮೌನವನ್ನು ಸಮ್ಮತಿಯೆಂದು ವ್ಯಾಖ್ಯಾನಿಸಿ ಬಿಲ್ಲು ಕಳಿಸುವ ಈ ಮೀಮಾಂಸೆಗೆ 1973ರಲ್ಲಿ ಅಮೆರಿಕದ ಸರಕಾರ ನಿಯಮದ ಲಗಾಮು ಹಾಕಬೇಕಾಯಿತು.

ಇದೇ ಕಾಲಘಟ್ಟದಲ್ಲಿ (ಪ್ರಬಂಧಗಳಲ್ಲಿ 'ಕಾಲಘಟ್ಟ' ಎಂದರೆ ಮೂವತ್ತು ವರ್ಷ ಆಚೀಚೆ) ನಮ್ಮ ಕಡೆ ಏನಾಗಿತ್ತು? 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ, ಆಮೇಲೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಯೋಜನೆ ತಂದಿತ್ತು. ಏಜೆಂಟರು ದಿನವೂ ಮನೆಗೆ, ಅಂಗಡಿಗೆ ಬಂದು ಎರಡಾಣೆಯಿಂದ ಹಿಡಿದು ಜಮೆ ಮಾಡಿಕೊಂಡು ಹೋಗುತ್ತಿದ್ದರು. ಕೂಡಿದ ಹಣ ಬಡ್ಡಿ ಸಮೇತ ಕೊಟ್ಟವರಿಗೇ ಹಿಂದೆ ಬರುತ್ತಿತ್ತು. ಎರಡೂ ಕಂತಿನ ವ್ಯವಹಾರವೇ. ಆದರೆ ಪಿಗ್ಮಿಯವರು ಬಾಗಿಲಿಗೆ ಬಂದು ಮುಖ ನೋಡುತ್ತಾರೆ. "ಇವತ್ತು ಇಲ್ಲ ಮಾರಾಯ್ರೆ" ಎಂದರೆ "ಅಡ್ಡಿಲ್ಲ, ನಾಳೆ ಬರ್ತೇನೆ" ಎಂದು ಸೈಕಲ್ ಏರುತ್ತಾರೆ. ಆಟೋ ಡೆಬಿಟ್‌ಗೆ ಸೈಕಲ್ ಇಲ್ಲ, ಮುಖ ನೋಡುವ ಅಭ್ಯಾಸವೂ ಇಲ್ಲ.

3. ರಸಸ್ಥಾನ ನಿರ್ಣಯ

ಚಂದಾದಾರನಿಗೆ ರಸ ಹುಟ್ಟುವುದು ಎಲ್ಲಿ? ತಟ್ಟೆಯಲ್ಲೋ, ಶಲಾಕೆಯಲ್ಲೋ, ಹೊದಿಕೆಯಲ್ಲೋ? ಲೊಲ್ಲಟನ ಉತ್ಪತ್ತಿವಾದದಂತೆ ರಸವಿರುವುದು ಮುಖ್ಯವಾಗಿ ಮೂಲದಲ್ಲಿ, ಅಂದರೆ ಫಸ್ಟ್ ಪ್ರೆಸ್ಸಿನಲ್ಲಿ. ಮರುಮುದ್ರಣ ಕೊಂಡವನು ನಟನನ್ನೇ ರಾಮನೆಂದು ತಿಳಿದ ಪಾಮರ. ಶಂಕುಕನ ಚಿತ್ರತುರಗ ನ್ಯಾಯದಂತೆ ಹೊದಿಕೆಯ ಫೋಟೋ ಸಾಕು. ಅದನ್ನು ಫೋನಿನಲ್ಲಿ ಹಂಚಿಕೊಂಡಾಗಲೇ ರಸ ಅನುಮಿತವಾಗುತ್ತದೆ, ತಟ್ಟೆಯನ್ನು ತಿರುಗಿಸುವ ಅಗತ್ಯವಿಲ್ಲ. ಭಟ್ಟನಾಯಕನಿಗೆ ಭೋಗ ಮುಖ್ಯ, ಕ್ರೆಡಿಟ್ ಕಾರ್ಡು ಸಾಧನ. ಅಭಿನವಗುಪ್ತನ ಪ್ರಕಾರ ರಸ ಸಹೃದಯನೊಳಗೇ ವಾಸನಾರೂಪದಲ್ಲಿ ಇದೆ, ತಟ್ಟೆ ಅದನ್ನು ಅಭಿವ್ಯಕ್ತಿಗೊಳಿಸುತ್ತದೆ. ಪೆರ್ಡೂರಿನಲ್ಲಿ ಆಗಸ್ಟ್ ತಿಂಗಳಲ್ಲಿ ಪೆಟ್ಟಿಗೆ ಬಿಚ್ಚಿದಾಗ ಅಭಿವ್ಯಕ್ತವಾಗುವ ವಾಸನೆ ಬೇರೆ.

ಇಲ್ಲಿ ವಿಭಾವವು 'ನಿಮ್ಮ ಪಾರ್ಸೆಲ್ ಹೊರಟಿದೆ' ಎಂಬ ಸಂದೇಶ, ಅನುಭಾವವು ಅಂಗಳಕ್ಕೂ ಗೇಟಿಗೂ ನಡೆದಾಟ. ವ್ಯಭಿಚಾರಿ ಭಾವಗಳು ಮೂವತ್ತಮೂರು, ಮೇಲೆ ಮೂರನೆಯ ಒಂದು ಭಾಗ.

4. ಸಪ್ತವಿಘ್ನ ವರ್ಗೀಕರಣ

ರಸಾಸ್ವಾದಕ್ಕೆ ಅಭಿನವಗುಪ್ತ ಏಳು ವಿಘ್ನಗಳನ್ನು ಹೇಳಿದ್ದಾನೆ. ಚಂದಾ ಯೋಜನೆಗೂ ಏಳೇ ಇರುವುದು ಕಾಕತಾಳೀಯವಿರಲಾರದು.

(ಅ) ಮೌನಸಮ್ಮತಿ ವಿಘ್ನ. ಸೇರುವ ಗುಂಡಿ ಕೆಂಪಗೆ, ಅಂಗೈಯಗಲ. ಬಿಡುವ ಗುಂಡಿಯನ್ನು ಕಾಣಲು ಉತ್ಖನನ ಬೇಕು. ಕಂಡರೂ 'ಯಾಕೆ ಬಿಡುತ್ತೀರಿ' ಎಂಬ ಪ್ರಶ್ನೆಗೆ ಉತ್ತರ ಗುರುತು ಮಾಡಬೇಕು. 'ನನ್ನ ಇಷ್ಟ' ಎಂಬ ಉತ್ತರ ಪಟ್ಟಿಯಲ್ಲಿ ಇರುವುದಿಲ್ಲ.

(ಆ) ಪಥಭ್ರಂಶ ವಿಘ್ನ. ಪೆರ್ಡೂರಿನ ಬಸ್ ನಿಲ್ದಾಣದಲ್ಲಿ ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ, ಮನೆಯವರು ಈಗ ಮನೆಯಲ್ಲಿದ್ದಾರೋ ಇಲ್ಲವೋ ಎಂಬುದನ್ನೂ ಸೇರಿಸಿ. ಆದರೆ ಕೊರಿಯರಿನ ಆ್ಯಪಿಗೆ 'ವಿಳಾಸ ಪತ್ತೆಯಾಗಲಿಲ್ಲ'. ಹಿರಿಯಡ್ಕಕ್ಕೆ ಬಂದು ತೆಗೆದುಕೊಂಡು ಹೋಗಿ ಎಂದು ಫೋನು. ಅಷ್ಟರಲ್ಲಿ ತಟ್ಟೆ ಏಪ್ರಿಲಿನ ಬಿಸಿಲಲ್ಲಿ ತಗಡಿನ ಗಾಡಿಯೊಳಗೆ ಬಿದ್ದಿರುತ್ತದೆ. ವಿನೈಲಿಗೆ ಬಿಸಿ ಆಗದು, ಅಂಚು ಬಾಗುತ್ತದೆ. ಸರಕಾರಿ ಅಂಚೆಯವರು ಮಾತ್ರ ಮನೆವರೆಗೆ ತಂದುಕೊಟ್ಟು, ಬಿಚ್ಚುವುದನ್ನು ನಿಂತು ನೋಡಿ, "ಇದೆಂತ, ಹಪ್ಪಳವಾ?" ಎಂದು ಕೇಳುತ್ತಾರೆ. ಈ ವಿಷಯದಲ್ಲಿ ಇದುವರೆಗೆ ಬಂದಿರುವ ವಿಮರ್ಶೆಗಳಲ್ಲಿ ಇದೇ ಅತ್ಯಂತ ಖಚಿತವಾದದ್ದು.

(ಇ) ವರ್ಷಾವಿಘ್ನ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಚರ್ಮದ ಚಪ್ಪಲಿ, ಪದವಿ ಪ್ರಮಾಣಪತ್ರ, ಮದುವೆಯ ಸೂಟು, ಎಲ್ಲಕ್ಕೂ ಬೂಷ್ಟು ಸಮಾನವಾಗಿ ಹತ್ತುತ್ತದೆ. ರಟ್ಟಿನ ಹೊದಿಕೆಯ 'ಲಿಮಿಟೆಡ್ ಎಡಿಷನ್' ಅದರಿಂದ ಪ್ರತ್ಯೇಕ ಗೌರವವನ್ನೇನೂ ಪಡೆಯದು. ಕಪಾಟಿನೊಳಗೆ ಬಲ್ಬು ಉರಿಸಿಡುವ ದೇಶೀ ಜ್ಞಾನಪರಂಪರೆ ಇದೆ, ಕರೆಂಟು ಇದ್ದರೆ.

(ಈ) ವಾಚಾಳ ವಿಘ್ನ. ತಟ್ಟೆಯ ಜತೆಗೆ ಆರಿಸಿದವರ ಪತ್ರವೊಂದು ಬರುತ್ತದೆ. ಈ ಸಂಗೀತದಲ್ಲಿ ನಡುರಾತ್ರಿಯ ನಗರವಿದೆ, ಒದ್ದೆ ಬೀದಿಗಳಿವೆ, ಬೀದಿದೀಪದ ವಿಷಾದವಿದೆ ಎನ್ನುತ್ತದೆ. ಹಾಕಿ ಕೇಳಿದರೆ ಪಿಯಾನೊ ಇದೆ. ಪತ್ರದಲ್ಲಿ 180 ಗ್ರಾಂ ತೂಕದ ಉಲ್ಲೇಖ ಎರಡು ಕಡೆ, ಚಿನ್ನದಂಗಡಿಯಲ್ಲಿ ಹೇಳುವ ಧಾಟಿಯಲ್ಲಿ. 'ಬೆಚ್ಚನೆಯ ದನಿ' ಎಂಬುದು ಆರು ಕಡೆ. ಡಿಜಿಟಲ್ ದನಿ ತಣ್ಣಗಂತೆ, ತಟ್ಟೆಯ ದನಿ ಬೆಚ್ಚಗಂತೆ. ಇದನ್ನು 'ಉಷ್ಣನಾದವಾದ' ಎಂದು ಕರೆದು ಎಂಟು ಪುಟ ಬರೆಯಬಹುದು. ಬರೆದವರನ್ನು ಕಂಡಿದ್ದೇನೆ, ಎದುರಿನ ಸಾಲಿನಲ್ಲಿ ಕೂತು ಕೇಳಿದ್ದೇನೆ, ಊಟದ ಹೊತ್ತು ಮೀರುವವರೆಗೆ.

(ಉ), (ಊ), (ಋ). ಕಸ್ಟಮ್ಸು, ಸಾಗಾಟ, ಡಾಲರು. ಮೂರಕ್ಕೂ ಒಳ್ಳೊಳ್ಳೆಯ ಸಮಾಸಪದ ಮಾಡಿಟ್ಟಿದ್ದೆ. ಬೇಡ. ಮೂರೂ ದುಡ್ಡೇ.

5. ಗಣಿತ ಪ್ರಮೇಯ

ಇನ್ನು ಭರವಸೆಯ ಭಾಗ. ಒಂದು ಎಲ್ಪಿಯ ಎರಡೂ ಮಗ್ಗುಲು ಸೇರಿ ಸುಮಾರು 45 ನಿಮಿಷ. ವರ್ಷಕ್ಕೆ ಹನ್ನೆರಡು ಎಲ್ಪಿ ಎಂದರೆ 540 ನಿಮಿಷ, ಅಂದರೆ 9 ಗಂಟೆ. ರಾತ್ರಿ ಒಂಬತ್ತಕ್ಕೆ ಶುರುವಾಗಿ ಬೆಳಗ್ಗೆ ಆರಕ್ಕೆ ಮಂಗಳವಾಗುವ ಆಟವೂ 9 ಗಂಟೆ. ಒಂದು ವರ್ಷದ ಚಂದಾ ಸಮ ಒಂದು ರಾತ್ರಿಯ ಯಕ್ಷಗಾನ. ತೂಕ 2,160 ಗ್ರಾಂ. ಹಳೆಯ 78ರಲ್ಲಾದರೆ ತೊಂಬತ್ತು ಪ್ಲೇಟು, ನೂರೆಂಬತ್ತು ಸಲ ಮುಳ್ಳು ಎತ್ತಿಡಬೇಕು.

ಹೀಗೆ ಹಂಚಿದರೆ ಚಂದಾದಾರನಿಗೆ ಜನವರಿಯಲ್ಲಿ ಕೋಡಂಗಿ, ಬಾಲಗೋಪಾಲ. ಫೆಬ್ರವರಿಯಲ್ಲಿ ಪೀಠಿಕೆ ಸ್ತ್ರೀವೇಷ. ಏಪ್ರಿಲಿಗೆ ಒಡ್ಡೋಲಗ. ಜುಲೈಯಲ್ಲಿ, ಬೂಷ್ಟಿನ ನಡುವೆ, ಬಣ್ಣದ ವೇಷದ ಅಬ್ಬರ. ಅಕ್ಟೋಬರ್ ತಟ್ಟೆ ಹಿರಿಯಡ್ಕದಲ್ಲೇ ಉಳಿದರೆ ವೈರಿ ಸತ್ತದ್ದು ಹೇಗೆಂದು ಗೊತ್ತಾಗುವುದಿಲ್ಲ. ಡಿಸೆಂಬರಿಗೆ ಮಂಗಳ. ಎಷ್ಟೋ ಮೇಳಗಳು ಕಾಲಮಿತಿಗೆ ಇಳಿದ ಈ ದಿನಗಳಲ್ಲಿ ಒಂದು ರಾತ್ರಿಯನ್ನು ಒಂದು ವರ್ಷಕ್ಕೆ ಎಳೆಯುವ ಈ ಯೋಜನೆ...

ತಮಾಷೆಯೆಂದು ಹಾಕತೊಡಗಿದ ಲೆಕ್ಕ ಇದು. ಹಾಕುತ್ತಾ ಹಾಕುತ್ತಾ ಸಿಟ್ಟು ಬಂತು. ಈ ಹನ್ನೆರಡು ತಟ್ಟೆಗಳನ್ನು ಯಾರೂ ಅಚ್ಚು ಹಾಕಲಿಲ್ಲ.

6. ಶೀರ್ಷಿಕೆ ಬೇಡ

ಪೆರ್ಡೂರಿನ ಹೆಸರು ಹೊತ್ತ ಮೇಳ ಡೇರೆ ಕಟ್ಟಿಕೊಂಡು ಊರೂರು ತಿರುಗಿದೆ. ಅದರ ಭಾಗವತಿಕೆಯಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಇದ್ದ ಸುಬ್ರಹ್ಮಣ್ಯ ಧಾರೇಶ್ವರರು 2024ರ ಏಪ್ರಿಲಿನಲ್ಲಿ ತೀರಿಕೊಂಡರು. ಭಾಗವತ ಕಾಳಿಂಗ ನಾವಡರು 1990ರಲ್ಲಿ, ಮೂವತ್ತು ದಾಟಿದ ಸ್ವಲ್ಪದರಲ್ಲೇ ಹೋದರು. ಅವರ ಸ್ವರ ನಮಗೆ ಉಳಿದದ್ದು ಬಹುಮಟ್ಟಿಗೆ ಕ್ಯಾಸೆಟ್ಟಿನಲ್ಲಿ, ಆ ಕ್ಯಾಸೆಟ್ಟಿನ ಕಾಪಿಯಲ್ಲಿ, ಕಾಪಿಯ ಕಾಪಿಯಲ್ಲಿ. ಅವರಿಗಿಂತ ಹಿಂದಿನ ಎಷ್ಟೋ ಭಾಗವತರ ಹೆಸರು ಮಾತ್ರ ಇದೆ, ಸ್ವರ ಇಲ್ಲ. ಪಾಂಡೇಶ್ವರ ಕಾಳಿಂಗರಾಯರು ಹುಟ್ಟಿದ ಆರೂರು ಪೆರ್ಡೂರಿಗೆ ದೂರವೇನಲ್ಲ. ಭಾವಗೀತೆಯನ್ನು ಮನೆಮನೆಗೆ ಮುಟ್ಟಿಸಿದ ಆ ಕಂಠದ ಪ್ಲೇಟುಗಳು ಗುಜರಿ ಅಂಗಡಿಗೆ ಹೋಗಿವೆ, ಮದುವೆ ಚಪ್ಪರಗಳಲ್ಲಿ ಅವನ್ನು ಹಾಕುತ್ತಿದ್ದ ಮೈಕ್‌ಸೆಟ್ಟಿನವರ ಪೆಟ್ಟಿಗೆಗಳ ಸಮೇತ. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ 'ಗಾಂಧಾರಿ' ಎಂಬ ಹೆಸರಲ್ಲಿ ಹಾಡಿದ ತಟ್ಟೆಗಳನ್ನು ಹುಡುಕಿಕೊಂಡು ಹೋದರೆ ಸಿಗುವುದು ಹವ್ಯಾಸಿಗಳ ಕಪಾಟುಗಳಲ್ಲಿ.

ಬೆಚ್ಚನೆಯ ದನಿ ಬೇಕಂತೆ! ಮೂರು-ನಾಲ್ಕು ಸಾವಿರ ಕೊಟ್ಟು ಯಾರದೋ ಊರಿನ ಒದ್ದೆ ಬೀದಿ ತರಿಸಿಕೊಳ್ಳುವವರು ತಮ್ಮ ಅಟ್ಟದ ಮೇಲಿನ ಕ್ಯಾಸೆಟ್ಟಿನ ಡಬ್ಬ ತೆರೆದು ಎಷ್ಟು ವರ್ಷವಾಯಿತು? ಸಂಸ್ಕೃತಿ, ಅನನ್ಯತೆ, ನೆಲಮೂಲ ಎಂದು ಮೈಕಿನ ಮುಂದೆ ಗಂಟಲು ಹರಿದುಕೊಳ್ಳುವವರಲ್ಲಿ ಎಷ್ಟು ಜನ ಒಂದು ಟೇಪನ್ನು ಉಳಿಸಲು ಕೈ ಹಚ್ಚಿದ್ದಾರೆ? ಮಾಡಿದವರಿಲ್ಲವೆಂದಲ್ಲ. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಇದೆ. ಅಲ್ಲಿ ದಾಖಲಾದದ್ದು ಉಳಿಯಿತು. ಒಂದು ಕೇಂದ್ರ ಇಡೀ ಕರಾವಳಿಯ ಅಟ್ಟಗಳನ್ನು ಹತ್ತಲಾರದು.

7. ಉಪಸಂಹಾರ

ಚಂದಾ ಪದ್ಧತಿಯೇ ಕೆಟ್ಟದ್ದೆಂದು ಹೇಳಲಾರೆ. ಅಂಗಡಿಯಲ್ಲಿ ಖರ್ಚಾಗದ ವಸ್ತು ಬದುಕುವುದೇ ಮುಂಗಡ ಕೊಡುವವರಿಂದ. ಕೆಲವು ನೂರು ಜನ ಮೊದಲೇ ಹಣ ಕಟ್ಟಿದರೆ ಯಾವ ದೊಡ್ಡ ಕಂಪನಿಯೂ ಮುಟ್ಟದ ಸಂಗೀತವನ್ನು ಅಚ್ಚು ಹಾಕಬಹುದು. ಮಾಸಿಕ ತಟ್ಟೆಯ ನಿಜವಾದ ಭರವಸೆ ಇಷ್ಟೇ, ಇದು ಸಣ್ಣದಲ್ಲ. ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದ ಚಂದಾದಾರರನ್ನು ನೆಚ್ಚಿಕೊಂಡೇ ಕನ್ನಡಕ್ಕೆ ಪುಸ್ತಕ ಕೊಟ್ಟಿತು.

ನಮ್ಮ ಕಡೆ ಇದಕ್ಕಿಂತಲೂ ಹಳೆಯ ಏರ್ಪಾಡು ಇದೆ. ಮಂದಾರ್ತಿ ಮೇಳದ ಹರಕೆ ಆಟಕ್ಕೆ ವರ್ಷಗಟ್ಟಲೆ ಮುಂಚೆ ಹೆಸರು ಬರೆಸುತ್ತಾರೆ. ಸರದಿ ಬರುವಾಗ ಬರೆಸಿದವರೇ ಇರುತ್ತಾರೋ ಇಲ್ಲವೋ, ಬೇಜಾರಿಲ್ಲ. ದುಡ್ಡು ಒಂದು ಮನೆಯದು, ಆಟ ಇಡೀ ಊರಿಗೆ. ಗದ್ದೆಗೆ ಬಂದು ಕೂತವರ ಹತ್ತಿರ ಟಿಕೆಟ್ ಕೇಳುವವರಿಲ್ಲ. ತಿಂಗಳ ತಟ್ಟೆಯ ಕ್ಲಬ್ಬಿನಲ್ಲಿ ಸಾವಿರ ಜನ ದುಡ್ಡು ಕೊಡುತ್ತಾರೆ, ಒಬ್ಬೊಬ್ಬರೂ ಬಾಗಿಲು ಹಾಕಿಕೊಂಡು ಒಬ್ಬೊಬ್ಬರೇ ಕೇಳುತ್ತಾರೆ. ನಮಗೆ ಗೊತ್ತಿರುವ ಚಂದಾ ಇದರ ತಿರುಗುಮುರುಗು.

ಆದ್ದರಿಂದ ಸೂಚನೆ: ಹರಕೆ ತಟ್ಟೆ. ಮನೆಯೊಂದು ಹಣ ಕಟ್ಟಲಿ. ಅಟ್ಟದ ಕ್ಯಾಸೆಟ್ಟುಗಳನ್ನು ಇಳಿಸಿ, ಒರೆಸಿ, ಸ್ವರವನ್ನು ಎತ್ತಿ ಕಾಪಿಡುವ ಕೆಲಸವಾಗಲಿ. ಅದು ವಿನೈಲಿನಲ್ಲೋ, ಕಂಪ್ಯೂಟರಿನಲ್ಲೋ, ಬೆಚ್ಚಗೋ, ತಣ್ಣಗೋ, ನನಗೆ ಹಠವಿಲ್ಲ. ಒಂದೊಂದು ಪ್ರತಿ ಸುತ್ತಲಿನ ಶಾಲೆ, ಗ್ರಂಥಾಲಯಗಳಿಗೆ ಪುಕ್ಕಟೆ ಹೋಗಲಿ. ಪತ್ರ ಜತೆಗಿರುವುದು ಬೇಡ. ಹಾಡಿದವರು ಯಾರು, ಮದ್ದಲೆ ಯಾರದು, ಚೆಂಡೆ ಯಾರದು, ಯಾವ ಊರಿನ ಗದ್ದೆ ಎಂದಷ್ಟೇ ಬರೆದಿದ್ದರೆ ಸಾಕು.

ಮುಂಗಡ ಕೊಡುವವರು ಈ ಕಡೆ ಬೇಕಾದಷ್ಟು ಇದ್ದಾರೆ. ವೀಳ್ಯ ಹಿಡಿಯುವವರು ಯಾರೆಂದು ಗೊತ್ತಾದರೆ ಆಯಿತು. ಮಳೆಗಾಲಕ್ಕೆ ಮೊದಲೇ ಮುಂದೆ ಬಂದರೆ ಒಳ್ಳೆಯದು, ಕ್ಯಾಸೆಟ್ಟುಗಳಿಗೆ ಕಾಯುವ ತ್ರಾಣವಿಲ್ಲ.