ಫ್ಯೂಸ್‌ವೈರ್ ರಾಯರು

ಎನ್.ಆರ್. ಕಾಲೋನಿಯಲ್ಲಿ ಹಳೇ ಮನೆ ಉಳಿದಿರುವ ಯಾವ ರಸ್ತೆಗೆ ಹೋದರೂ ಒಬ್ಬ ಫ್ಯೂಸ್‌ವೈರ್ ರಾಯರು ಸಿಕ್ಕೇ ಸಿಗುತ್ತಾರೆ. ಜುಬ್ಬದ ಜೇಬಿನಲ್ಲಿ ಪೆನ್ನು, ಅದರ ಪಕ್ಕ ಟೆಸ್ಟರು. ಬೆಸ್ಕಾಂ ಬಂದದ್ದು 2002ರಲ್ಲಿ. ರಾಯರ ಬಾಯಲ್ಲಿ ಅದು ಇಂದಿಗೂ ಕೆ.ಇ.ಬಿ. 1905ರ ಆಗಸ್ಟ್‌ನಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಬೀದಿದೀಪ ಹೊತ್ತಿದ್ದನ್ನು ತಾವೇ ಸ್ವಿಚ್ ಹಾಕಿದವರಂತೆ ವರ್ಣಿಸುತ್ತಾರೆ.

ಮನೆಯ ವೈರಿಂಗು ಅವರ ತಂದೆ ಮಾಡಿಸಿದ್ದು. ಮರದ ರೀಪರಿನ ಮೇಲೆ ಓಡುವ ವೈರು, ಕಪ್ಪು ಗುಂಡು ಸ್ವಿಚ್ಚು, ಬಾಗಿಲ ಮೇಲೆ ಪಿಂಗಾಣಿ ಫ್ಯೂಸು. “ಆಗಿನ ಮಾಲು ಕಣಯ್ಯಾ, ಇವತ್ತಿಗೂ ಅಲುಗಾಡಿಲ್ಲ!” ಮಾಲೇನೋ ಗಟ್ಟಿಯೇ. ಆದರೆ ಅದನ್ನು ಎಳೆಸಿದ್ದು ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ರೇಡಿಯೋ ಲೆಕ್ಕಕ್ಕೆ. ಈಗ ಅದೇ ವೈರಿಗೆ ಫ್ರಿಜ್ಜು, ಮೈಕ್ರೋವೇವು, ಇಂಡಕ್ಷನ್ ಒಲೆ ಜೋತುಬಿದ್ದಿವೆ. ಫ್ಯೂಸು ಹೋದಾಗಲೆಲ್ಲ ರಾಯರು ಒಂದೆಳೆ ಇರಬೇಕಾದ ಕಡೆ ಮೂರೆಳೆ ತಾಮ್ರ ಸುತ್ತಿ, “ಇನ್ನು ಹೋಗಲ್ಲ” ಎನ್ನುತ್ತಾರೆ. ನಿಜವೇ. ಫ್ಯೂಸು ಹೋಗುವುದಿಲ್ಲ, ಅದರ ಬದಲು ವೈರು ಸುಡುತ್ತದೆ.

ಪ್ಲಗ್ಗಿನ ವಿಷಯದಲ್ಲೂ ಅವರದೇ ಶಾಸ್ತ್ರ. ಮೂರು ಪಿನ್ನಿನದು ಎರಡು ತೂತಿನ ಸಾಕೆಟ್ಟಿಗೆ ಹೋಗದಿದ್ದರೆ ಮೇಲಿನ ದಪ್ಪ ಪಿನ್ನನ್ನು ಗರಗಸದಿಂದ ಕೊಯ್ದುಬಿಡುವುದು. ಪ್ಲಗ್ಗೇ ಇಲ್ಲದಿದ್ದರೆ ಬರೀ ವೈರನ್ನು ತೂತಿಗೆ ತುರುಕಿ ಬೆಂಕಿಕಡ್ಡಿ ಹೊಡೆಯುವುದು. “ಕಡ್ಡಿಯ ಮದ್ದು ಕಿತ್ತೇ ಹೊಡೀತೀನಿ. ಸೇಫ್ಟಿ ನನಗೂ ಗೊತ್ತು.”

ಬಚ್ಚಲಿನ ಹಳೇ ಗೀಸರು ಸೋರತೊಡಗಿದಾಗ ಇಷ್ಟೆಲ್ಲ ಬಯಲಿಗೆ ಬಂತು. ರಾಯರು ಪಂಚಾಂಗದಲ್ಲಿ ರಾಹುಕಾಲ ನೋಡಿ, ಡಬ್ಬದ ಮೇಲೆ ಐ.ಎಸ್.ಐ. ಗುರುತು ನೋಡಿ ಹೊಸದನ್ನು ತಂದರು. 2000 ವ್ಯಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಗೋಡೆಯಲ್ಲಿದ್ದದ್ದು 5 ಆಂಪಿಯರಿನ ಪಾಯಿಂಟು. ಹಳೇ ಗೀಸರಿನ ಕಾವಿಗೆ ಅದರ ಮುಖ ಕಂದಿಹೋಗಿತ್ತು. ಫಿಟ್ ಮಾಡಲು ಬಂದ ಹುಡುಗ ಟೆಸ್ಟ್‌ಲ್ಯಾಂಪ್ ಹಿಡಿದು ನೋಡಿದ.

“ಸಾರ್, ಅರ್ಥಿಂಗೇ ಇಲ್ಲ. ಹಾಕಕ್ಕಾಗಲ್ಲ.”

“ಐ.ಎಸ್.ಐ. ಇದೆಯಲ್ಲಪ್ಪಾ!”

“ಅದು ಗೀಸರ್‌ಗೆ ಸಾರ್. ಗೋಡೆಗಲ್ಲ.”

ನಲ್ಲಿಯ ಕಬ್ಬಿಣದ ಪೈಪಿಗೇ ಅರ್ಥ್ ವೈರು ಕಟ್ಟುವುದು ಹಿಂದಿನ ರೂಢಿ. ತುಕ್ಕು ಹಿಡಿದ ಪೈಪು ತೆಗೆದು ಪ್ಲಂಬರು ಪಿ.ವಿ.ಸಿ. ಹಾಕಿದ ದಿನವೇ ಮನೆಯ ಅರ್ಥಿಂಗು ತೀರಿಕೊಂಡಿತ್ತು. ಯಾರೂ ಸೂತಕ ಹಿಡಿಯಲಿಲ್ಲ. ಮನೆಯಾಕೆ “ರೀ, ನಲ್ಲಿ ಮುಟ್ಟಿದ್ರೆ ಜುಮ್ ಅನ್ನತ್ತೆ” ಎಂದಾಗಲೆಲ್ಲ ರಾಯರು “ನಿಂಗೆ ಬಿ-ಟ್ವೆಲ್ವ್ ಕಮ್ಮಿ ಕಣೇ” ಎಂದು ಮಾತ್ರೆ ತಂದುಕೊಟ್ಟಿದ್ದರು.

ಕೊನೆಗೆ ಲೈಸೆನ್ಸ್ ಇರುವ ಕಂಟ್ರಾಕ್ಟರು ಬಂದ. ಮೆಗ್ಗರ್ ಹಚ್ಚಿ ವೈರಿನ ಇನ್ಸುಲೇಷನ್ ಅಳೆದು ತಲೆಯಾಡಿಸಿದ. ಹಿತ್ತಲಲ್ಲಿ ಅರ್ಥ್ ಗುಂಡಿ ತೋಡಿಸಿದ. ಗೀಸರಿಗೆ 16 ಆಂಪಿಯರಿನ ಬೇರೆ ಲೈನು ಎಳೆದು ಎಂ.ಸಿ.ಬಿ. ಕೂರಿಸಿದ. ಜೊತೆಗೆ, 30 ಮಿಲಿಆಂಪಿಯರ್ ಸೋರಿದರೂ ಕ್ಷಣದಲ್ಲಿ ಕರೆಂಟು ಕಡಿಯುವ ಆರ್.ಸಿ.ಸಿ.ಬಿ. ಲೋಡು ಹೆಚ್ಚಿಸುವ ಅರ್ಜಿಗೆ ಅವನದೇ ಟೆಸ್ಟ್ ರಿಪೋರ್ಟು. ಬಿಲ್ಲಿನಲ್ಲಿ ‘ಸ್ಯಾಂಕ್ಷನ್ಡ್ ಲೋಡ್’ ಎಂಬ ಸಾಲೊಂದಿದೆ ಎಂದು ರಾಯರು ಕಂಡುಕೊಂಡದ್ದು ಆಗಲೇ.

ಈಗ ರಾಯರೇ ರಸ್ತೆಯ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರು. ಬಿ.ಎಂ.ಶ್ರೀ ಪ್ರತಿಷ್ಠಾನಕ್ಕೆ ಉಪನ್ಯಾಸ ಕೇಳಲು ಹೋದರೂ ಮೊದಲು ಕಣ್ಣು ಹಾಯಿಸುವುದು ಸ್ವಿಚ್‌ಬೋರ್ಡಿನ ಕಡೆಗೆ. ತಿಂಗಳಿಗೊಮ್ಮೆ ಆರ್.ಸಿ.ಸಿ.ಬಿ.ಯ ಟೆಸ್ಟ್ ಗುಂಡಿ ಒತ್ತಬೇಕು, ಒತ್ತಿದರೂ ಕರೆಂಟು ಹೋಗದಿದ್ದರೆ ಅದು ಕೆಟ್ಟಿದೆ, ಬದಲಾಯಿಸಬೇಕು ಎಂದು ಸಿಕ್ಕಸಿಕ್ಕವರಿಗೆ ಪಾಠ ಮಾಡುತ್ತಾರೆ. ಪಾಠ ಸರಿಯಾಗಿಯೇ ಇದೆ. ಅವರ ಮನೆಯದು ಇದುವರೆಗೆ ಕೆಟ್ಟಿಲ್ಲ. ಪ್ರತಿ ಸಲವೂ ಸರಿಯಾಗಿ ಧಾರಾವಾಹಿಯ ಹೊತ್ತಿಗೇ ಕರೆಂಟು ಹೋಗುತ್ತದೆ ಎಂದು ಮನೆಯಾಕೆ ಸಾಕ್ಷಿ ಹೇಳುತ್ತಾರೆ.