ಹದಿನೇಳು ನಂಬರ್ ಒನ್‌ಗಳ ಎಂಡಿ

ಪೀಣ್ಯದ ಮಧ್ಯಮ ಗಾತ್ರದ ಕಾರ್ಖಾನೆಗಳಲ್ಲಿ ಹುಡುಕಿದರೆ ಈ ಎಂಡಿ ಸಿಕ್ಕೇ ಸಿಗುತ್ತಾರೆ. ಏಪ್ರಿಲ್ ಬಂತೆಂದರೆ ಅವರ ಕೋಣೆಯ ಗೋಡೆಗೆ ವರ್ಷದ ಆದ್ಯತೆಗಳ ಪಟ್ಟಿ ಏರುತ್ತದೆ. ಹದಿನೇಳು ಅಂಶ, ಹದಿನೇಳೂ ಮೊದಲನೆಯವು. ರಫ್ತು ನಂಬರ್ ಒನ್, ಕ್ವಾಲಿಟಿ ನಂಬರ್ ಒನ್, ಖರ್ಚು ಕಡಿತವಂತೂ ಅವೆರಡಕ್ಕಿಂತ ಮೊದಲು. ಇದನ್ನು ಗೊಂದಲವೆಂದು ನಗುವವರಿದ್ದಾರೆ. ನನಗೆ ಇದರಲ್ಲಿ ಅಚ್ಚುಕಟ್ಟಾದ ಲೆಕ್ಕವೇ ಕಾಣುತ್ತದೆ. ರಫ್ತು ಸೇರಿದ್ದು ದುಬೈ ಭಾವಮೈದನ ಮಾತಿಗೆ. ಎಐ ಸೇರಿದ್ದು ಎಂಬಿಎ ಮುಗಿಸಿ ಬಂದ ಮಗನಿಗೆ ಬೇಜಾರಾಗಬಾರದೆಂದು. ನಷ್ಟದ ಪಂಪ್ ಬಿಡಿಭಾಗ ಉಳಿದದ್ದು ಅಪ್ಪನ ಕಾಲದ ಗಿರಾಕಿಗಾಗಿ. ಮುಲಾಜಿನ ಹಾಜರಿ ಪುಸ್ತಕಕ್ಕೆ ಆದ್ಯತೆ ಎಂದು ರಟ್ಟು ಹಾಕಿಸಿದ್ದಾರೆ, ಅಷ್ಟೆ.

ಆದರೆ ಸಿಎನ್‌ಸಿ ಮೆಷಿನ್ನಿಗೆ ಮುಲಾಜಿಲ್ಲ. ಅದರ ಮೇಲೆ ಒಂದು ಹೊತ್ತಿಗೆ ಒಂದೇ ಜಾಬ್. ಅರ್ಧಕ್ಕೆ ಇಳಿಸಿ ಬೇರೆಯದನ್ನು ಏರಿಸಿದರೆ ಫಿಕ್ಸ್ಚರ್ ಬದಲಿಸಬೇಕು, ಸೆಟ್ಟಿಂಗ್ ಮತ್ತೆ ಮಾಡಬೇಕು, ಮೊದಲ ಪೀಸ್ ಪಾಸಾಗುವ ತನಕ ಮೆಷಿನ್ ಸುಮ್ಮನೆ ನಿಲ್ಲಬೇಕು. ಎಂಡಿ ಆರಿಸದಿದ್ದರೆ ಬೇರೆ ಯಾರಾದರೂ ಆರಿಸಲೇಬೇಕಲ್ಲ? ಆ ಕೆಲಸ ಶಿಫ್ಟ್ ಸೂಪರ್‌ವೈಸರ್ ಪಾಲಿಗೆ. ಅವರದ್ದು ಸರಳ ಸೂತ್ರ: ಸಾಹೇಬರು ಒಂದು ಸಲ ಕೇಳಿದರೆ ತಾವೇ ಮರೆಯುತ್ತಾರೆ, ಎರಡನೇ ಸಲಕ್ಕೆ ‘ಆಗ್ತಾ ಇದೆ ಸಾರ್’, ಮೂರನೇ ಫೋನ್ ಬಂದ ಮೇಲೆ ಜಾಬ್ ಮೆಷಿನ್ ಏರುತ್ತದೆ. ಕಂಪನಿಯ ದಿಕ್ಕನ್ನು ನಿರ್ಧರಿಸುವವರು ಇವರೇ, ಎಂಡಿಯ ಸಂಬಳವೊಂದು ಇಲ್ಲ.

‘ಸಣ್ಣ ಕಂಪನಿ ಸ್ವಾಮಿ, ಬಂದ ಆರ್ಡರ್ ಬಿಟ್ಟರೆ ಬ್ಯಾಂಕಿನ ಕಂತು ಯಾರು ಕಟ್ಟಬೇಕು?’ ಎಂಬ ಆಕ್ಷೇಪ ನ್ಯಾಯವಾದದ್ದೇ. ಹತ್ತು ಆರ್ಡರ್ ಹಿಡಿಯಲಿ. ಯಾವುದು ಕಾಯಬಹುದು ಎಂದು ಹೇಳಲು ಖರ್ಚೇನೂ ಇಲ್ಲ. ಟಾಟಾದವರು ಉಪ್ಪಿನಿಂದ ಸಾಫ್ಟ್‌ವೇರ್‌ವರೆಗೆ ಮಾಡುವುದಿಲ್ಲವೇ ಎಂದೂ ಕೇಳುತ್ತಾರೆ. ಮಾಡುತ್ತಾರೆ, ಆದರೆ ಉಪ್ಪಿನ ಕಂಪನಿಗೊಬ್ಬ ಎಂಡಿ, ಸಾಫ್ಟ್‌ವೇರ್‌ಗೆ ಇನ್ನೊಬ್ಬರು. ಇಲ್ಲಿ ಹದಿನೇಳಕ್ಕೂ ಒಂದೇ ತಲೆ, ಅದೂ ಫೋನಿಗೆ ಅಂಟಿಕೊಂಡದ್ದು. ಬಿಟ್ಟರೆ ಮುಳುಗುತ್ತೇವೆಂಬ ಭಯಕ್ಕೂ ಉತ್ತರವಿದೆ. 1997ರಲ್ಲಿ ಆಪಲ್ ನೂರು ಕೋಟಿ ಡಾಲರಿಗೂ ಮೇಲ್ಪಟ್ಟು ಕಳೆದುಕೊಂಡಿತ್ತು. ಮರಳಿ ಬಂದ ಸ್ಟೀವ್ ಜಾಬ್ಸ್ ಬೋರ್ಡಿನ ಮೇಲೆ ನಾಲ್ಕು ಮನೆ ಬರೆದು, ಮನೆಗೊಂದು ಕಂಪ್ಯೂಟರ್ ಸಾಕೆಂದು ಮಿಕ್ಕವುಗಳಲ್ಲಿ ಹೆಚ್ಚಿನವನ್ನು ಕಿತ್ತುಹಾಕಿದರು. ಮರುವರ್ಷ ಸುಮಾರು 31 ಕೋಟಿ ಡಾಲರ್ ಲಾಭ. ‘ಅವರು ಜಾಬ್ಸ್, ನಾವು ಪೀಣ್ಯದವರು’ ಎನ್ನುವವರು ಗಮನಿಸಬೇಕು: ಹೆಸರುವಾಸಿ ಐಮ್ಯಾಕ್ ಅಂಗಡಿಗೆ ಬಂದದ್ದು 1998ರ ಆಗಸ್ಟಿನಲ್ಲಿ, ಲಾಭ ಅದಕ್ಕೂ ಮೊದಲೇ ತಲೆ ಹಾಕಿತ್ತು. ಹೊಸದನ್ನು ಕಂಡುಹಿಡಿಯಲು ಪ್ರತಿಭೆ ಬೇಕು. ಹಳೆಯದನ್ನು ನಿಲ್ಲಿಸಲು ಭಾವಮೈದನ ಎದುರು ಗಟ್ಟಿಯಾಗಿ ಕೂತರಾಯಿತು.

ಈ ವಾದವನ್ನು ನಮ್ಮ ಎಂಡಿ ತಲೆದೂಗಿ ಒಪ್ಪುತ್ತಾರೆ. ಒಪ್ಪುವುದು ಅವರ ಸ್ವಭಾವ. ತೊಂದರೆ ಇರುವುದೇ ಅಲ್ಲಿ. ಆ ಸಂಜೆಯೇ ಪಟ್ಟಿ ಮೂರಕ್ಕೆ ಇಳಿಯುತ್ತದೆ: ಒಂದು, ಬೆಳವಣಿಗೆ. ಎರಡು, ಕ್ವಾಲಿಟಿ. ಮೂರು, ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರಬಹುದಾದ ಇತರ ವಿಷಯಗಳು.